ಹಿತ್ತಲಿನ ಏಳನೆಯ ಕಲ್ಲು

ನಮ್ಮ ಕತ್ರಿಗುಪ್ಪೆಯ ಮನೆಯ ಹಿತ್ತಲಿನಲ್ಲಿ ಏಳು ಸಮಾಧಿಗಳಿದ್ದವು. ಆರು ಎಂದು ನನ್ನ ತಮ್ಮ ಮಂಜು ಮೊನ್ನೆಮೊನ್ನೆಯವರೆಗೂ ಹೇಳುತ್ತಿದ್ದ. ಅವನ ತಪ್ಪೇನಿಲ್ಲ. ಏಳನೆಯದನ್ನು ಇಲ್ಲವಾಗಿಸಿದವಳು ನಾನು, ಹನ್ನೆರಡನೆಯ ವಯಸ್ಸಿನಲ್ಲಿ, ಹಾಡುಹಗಲಿನಲ್ಲಿ, ಒಂದೇ ಒಂದು ಮಾತಿನಿಂದ. ಬಾಲ್ಯದ ಬಗ್ಗೆ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಮನೆಯ ವರ್ಣನೆ ಮಾಡಿ, ಅಜ್ಜಿಯ ಕೈರುಚಿಯನ್ನು ಹೊಗಳಿ, ಹಿತ್ತಲ ಬಾಗಿಲ ಹತ್ತಿರ ಬಂದ ಕೂಡಲೇ ಪೆನ್ನು ಕೆಳಗಿಟ್ಟು ಎದ್ದಿದ್ದೇನೆ. ಈ ಸಲ ಹಿತ್ತಲಿನಿಂದಲೇ ಶುರು ಮಾಡುತ್ತೇನೆ.

ಆಗ ಕತ್ರಿಗುಪ್ಪೆ ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಪೇಟೆಯೂ ಅಲ್ಲ. ನಮ್ಮ ಹೊಲಗಳೆಲ್ಲ ಲೇಔಟಿಗೆ ಹೋಗಿ, ರಸ್ತೆಗಳಿಗೆ ನಂಬರು ಬಂದು, ಹಳೆಯ ಮನೆಗಳು ಮಾತ್ರ ಇದ್ದಲ್ಲೇ ಉಳಿದಿದ್ದವು. ನಮ್ಮದು ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎಡಕ್ಕೆ ಹೊಗೆಗೆ ಕಪ್ಪಾದ ಅಡುಗೆಮನೆ, ಬಲಕ್ಕೆ ರಾಗಿ ಮೂಟೆಗಳ ಕೋಣೆ. ಹಿತ್ತಲಿನಲ್ಲಿ ಒಂದು ಬಾವಿ, ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಅಮ್ಮ ಬೆಳೆಯುತ್ತಿದ್ದ ದಂಟು, ಕೊತ್ತಂಬರಿಯ ಮಡಿಗಳು, ಕೊನೆಯಲ್ಲಿ ಒಂದು ದೊಡ್ಡ ನೇರಳೆ ಮರ. ಆ ಮರದ ಕೆಳಗೆ ನಮ್ಮ ಹಿರಿಯರು. ಆರು ಜನಕ್ಕೆ ಮೊಣಕಾಲೆತ್ತರದ ಕಲ್ಲು ನೆಟ್ಟಿದ್ದರು. ಏಳನೆಯದಕ್ಕೆ ಮಾತ್ರ ನೆಟ್ಟ ಕಲ್ಲಿರಲಿಲ್ಲ, ಒಂದು ಚಪ್ಪಡಿಯನ್ನು ನೆಲಕ್ಕೆ ಮಲಗಿಸಿದ್ದರು. ಯಾವ ಕಲ್ಲಿನ ಮೇಲೂ ಒಂದು ಅಕ್ಷರವಿರಲಿಲ್ಲ. ನಮ್ಮ ಮನೆಯಲ್ಲಿ ಓದು ಬರಹ ಕಲಿತವರಲ್ಲಿ ಅಪ್ಪನೇ ಮೊದಲಿಗ. ಅವನೂ ನಾಲ್ಕನೆಯ ಕ್ಲಾಸಿಗೆ ಬಿಟ್ಟವನು.

ನಮ್ಮ ವಂಶಾವಳಿ ಇದ್ದದ್ದು ಅಜ್ಜಿಯ ಅಡುಗೆಯಲ್ಲಿ. ಅಜ್ಜಿ ಎಂದರೆ ಅಪ್ಪನ ಅಮ್ಮ, ಮುನಿತಾಯಮ್ಮ. ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತರೆ ಮಧ್ಯಾಹ್ನಕ್ಕೆ ಏಳು ಬಗೆಯ ಅಡುಗೆ ಇಳಿಸುತ್ತಿದ್ದಳು. ಎಲ್ಲ ಕಲ್ಲಿಗೂ ಒಂದೇ ಎಡೆ ಅಲ್ಲ. ಯಾರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ಉಂಡಿದ್ದರೋ ಅವರ ಎಲೆಗೆ ಅದೇ ಬೀಳಬೇಕು. ಮೊದಲನೆಯ ಕಲ್ಲಿಗೆ ಮುದ್ದೆ, ಉಪ್ಸಾರು. ಅದರ ಪಕ್ಕದ ಮುದುಕಿಗೆ ಹುರಿದ ಕಡಲೆಕಾಯಿ, ಹೊಗೆಸೊಪ್ಪು. ಮೂರನೆಯವನಿಗೆ ತಲೆಮಾಂಸ, ಜೊತೆಗೊಂದು ಲೋಟ ಸಾರಾಯಿ. ನಾಲ್ಕನೆಯವನು ದಾಸಯ್ಯನಾಗಿ ಬಾಡು ಬಿಟ್ಟವನು, ಅವನಿಗೆ ಸಿಹಿ ಹುಗ್ಗಿ, ಅದನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಮಾಡಿ ದೂರ ಇಡಬೇಕು. ಐದನೆಯವಳಿಗೆ ಕೆರೆ ಮೀನಿನ ಸಾರು. ಅವಳು ಬೇಗೂರಿನಿಂದ ಬಂದ ಹೆಣ್ಣು, ಕೆರೆ ಪಕ್ಕದ ಮನೆಯವಳು. ಆರನೆಯದು ನಮ್ಮಜ್ಜನದು, ಊಟದ ಜೊತೆ ಒಂದು ಕಟ್ಟು ಬೀಡಿ. ಏಳನೆಯ ಚಪ್ಪಡಿಯ ಮೇಲಿನ ಎಲೆಗೆ ಬೀಳುತ್ತಿದ್ದದ್ದು ಕಡಲೆಪುರಿ, ಬೆಲ್ಲದ ಚೂರು, ಹಿತ್ತಾಳೆಯ ಪುಟ್ಟ ಲೋಟದಲ್ಲಿ ಹಾಲು, ಪಕ್ಕದಲ್ಲಿ ಮಡಿಸಿದ ಒಂದು ಹೊಸ ಲಂಗ. ಎಡೆಗಿಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ಉಡುವುದು ನಮ್ಮಲ್ಲಿ ವಾಡಿಕೆ. ಅಜ್ಜನ ಪಂಚೆ ಅಪ್ಪನಿಗೆ ಬರುತ್ತಿತ್ತು. ಆ ಲಂಗ ನನಗೆ ಬರುತ್ತಿತ್ತು.

ಎಲೆ ಹಾಸುವಾಗ ಅಜ್ಜಿ ಪ್ರತಿ ಕಲ್ಲಿನ ಮುಂದೆ ಬಗ್ಗಿ ಅವರವರ ಹೆಸರು ಹಿಡಿದು ಕರೆಯುತ್ತಿದ್ದಳು. ಆರು ಜನರನ್ನು ಕರೆಯುವಾಗ ದನಿ ಬಾವಿಕಟ್ಟೆಗೆ ಕೇಳುತ್ತಿತ್ತು. ಏಳನೆಯದರ ಹತ್ತಿರ ಬಂದಾಗ ದನಿ ಇಳಿಯುತ್ತಿತ್ತು, ಪಕ್ಕದಲ್ಲಿ ನಿಂತವರಿಗಷ್ಟೇ ಕೇಳುವ ಹಾಗೆ. ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನೇ. ಎಲೆಗಳ ತಟ್ಟೆ ಹಿಡಿದುಕೊಂಡು ವರ್ಷ ವರ್ಷವೂ ನಿಂತಿದ್ದೇನೆ. ನನ್ನ ಕಣ್ಣು ಆ ಲಂಗದ ಅಂಚಿನ ಮೇಲೆ, ಈ ಸಲ ಜರಿ ಇದೆಯೋ ಇಲ್ಲವೋ ಎಂಬುದರ ಮೇಲೆ. ಅಜ್ಜಿ ಏನೆಂದು ಕರೆದಳೆಂದು ಒಮ್ಮೆಯೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐದನೆಯ ಕ್ಲಾಸಿಗೆ ಅಪ್ಪ ನನ್ನನ್ನು ಜಯನಗರದ ಒಂದು ಸ್ಕೂಲಿಗೆ ಸೇರಿಸಿದ. ಅಲ್ಲಿಂದ ನನಗೆ ನಾಚಿಕೆ ಎಂಬ ಹೊಸ ಪಾಠ ಶುರುವಾಯಿತು, ಅದರಲ್ಲಿ ನಾನು ಬಲು ಜಾಣೆ. ಅಮ್ಮ ಸೊಪ್ಪು ಮಾರುವುದು ನಾಚಿಕೆ, ಅಪ್ಪ ಬರಿಗಾಲಲ್ಲಿ ಸ್ಕೂಲಿನ ಗೇಟಿಗೆ ಬರುವುದು ನಾಚಿಕೆ, ಬುತ್ತಿಯಲ್ಲಿ ಮುದ್ದೆ ಇದ್ದರೆ ನಾಚಿಕೆ. ಎಲ್ಲಕ್ಕಿಂತ ದೊಡ್ಡ ನಾಚಿಕೆ ಹಿತ್ತಲಿನದು. ನನ್ನ ಪಕ್ಕ ಕೂರುತ್ತಿದ್ದ ವಸುಧಾಳ ಮನೆ ನಾಲ್ಕನೆಯ ಬ್ಲಾಕಿನಲ್ಲಿತ್ತು. ಅವರ ಹಜಾರದ ಗೋಡೆಯ ಮೇಲೆ ಅಜ್ಜ, ಮುತ್ತಜ್ಜಂದಿರ ಫೋಟೋಗಳು ಸಾಲಾಗಿ ಇದ್ದವು. ಒಬ್ಬೊಬ್ಬರ ಕೆಳಗೂ ದುಂಡಗೆ ಬರೆದ ಹೆಸರು. ಅವರ ಹಿರಿಯರು ಗೋಡೆಯ ಮೇಲೆ ಕೋಟು ಪೇಟ ತೊಟ್ಟು ಕೂತಿದ್ದರು, ನಮ್ಮ ಹಿರಿಯರು ನೇರಳೆ ಮರದ ಕೆಳಗೆ ಬೀಡಿ ತಲೆಮಾಂಸಕ್ಕೆ ಕಾಯುತ್ತಾ ಮಲಗಿದ್ದರು. ನಿಮ್ಮ ಮನೆಯಲ್ಲೂ ಫೋಟೋ ಇದೆಯಾ ಎಂದು ವಸುಧಾಳ ಅಮ್ಮ ಕಾಫಿ ಕೊಡುತ್ತಾ ಕೇಳಿದರು. ಇದೆ, ಪೆಟ್ಟಿಗೆಯಲ್ಲಿಟ್ಟಿದ್ದೇವೆ ಎಂದೆ.

ವಸುಧಾ ನಮ್ಮ ಮನೆಗೆ ಬಂದದ್ದು ನಾನು ಕರೆದಿದ್ದಕ್ಕಲ್ಲ. ಸ್ಕೂಲು ಆಗಷ್ಟೇ ಶುರುವಾಗಿ, ಹೊಸ ಯೂನಿಫಾರ್ಮಿನ ಗಂಜಿ ಇನ್ನೂ ಬಿಡದಿದ್ದ ಒಂದು ಶನಿವಾರ, ನೇರಳೆ ಹಣ್ಣು ತಿನ್ನಬೇಕೆಂದು ಹಟ ಹಿಡಿದು ನನ್ನ ಹಿಂದೆಯೇ ಬಂದಳು. ಹಣ್ಣಿನ ಆಸೆ ಹತ್ತಿಸಿದವಳು ನಾನೇ, ಮರದ ಕೆಳಗೆ ಏನಿದೆ ಎನ್ನುವುದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಸೊಪ್ಪಿನ ಬುಟ್ಟಿ ಹೊತ್ತು ಹೋಗಿದ್ದಳು, ಮಂಜು ಆಗ ನಾಲ್ಕು ವರ್ಷದವನು, ಜಗಲಿಯ ಮೇಲೆ ನಿದ್ದೆ ಹೋಗಿದ್ದ. ವಸುಧಾ ಮರದ ಕೆಳಗೆ ನಿಂತು ಕಲ್ಲುಗಳನ್ನು ನೋಡಿದಳು.

"ಇವೆಲ್ಲ ಏನೇ ಪ್ರಮೀಳಾ?"

ನನ್ನ ಬಾಯಿ ನನಗಿಂತ ಚುರುಕಾಗಿತ್ತು. ನೆಟ್ಟ ಆರು ಕಲ್ಲುಗಳು ನಮ್ಮ ಹೊಲದ ಗಡಿಕಲ್ಲು, ಲೇಔಟಿನವರು ಕಿತ್ತಾಗ ತಂದು ಇಲ್ಲಿ ನಿಲ್ಲಿಸಿದ್ದೇವೆ ಎಂದೆ. ಮಲಗಿಸಿದ್ದ ಚಪ್ಪಡಿ ಯಾವುದೆಂದು ಕೇಳಿದಳು. ಬಟ್ಟೆ ಒಗೆಯೋ ಕಲ್ಲು ಎಂದೆ. ಅವಳು ನಂಬಿದಳು. ನಂಬಿ, ಹಣ್ಣು ಆರಿಸಿ, ತಿಂದು, ಬಿಳಿಯ ಷರ್ಟಿನ ಮೇಲೆಲ್ಲ ನೇರಳೆಯ ರಸ ಸುರಿಸಿಕೊಂಡಳು. ಅಮ್ಮ ಬೈತಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಒಳಗೆ ಓಡಿ ನನ್ನ ಲಂಗ, ರವಿಕೆ ತಂದು ಉಡಿಸಿದೆ. ಕೈಗೆ ಸಿಕ್ಕಿದ್ದು ಹಿಂದಿನ ಮಹಾಲಯದ ಹಸಿರು ಲಂಗ. ಅದನ್ನುಟ್ಟುಕೊಂಡು ವಸುಧಾ ಸೀದಾ ಹೋಗಿ ಆ ಚಪ್ಪಡಿಯ ಮೇಲೆ ಷರ್ಟು ಹರಡಿ, ಬಿಂದಿಗೆಯಿಂದ ನೀರು ಹೊಯ್ದು ಉಜ್ಜತೊಡಗಿದಳು. ಬಾವಿಯ ಹತ್ತಿರ ಬೇರೆ ಕಲ್ಲಿದೆ ಎಂದು ಹೇಳಬಹುದಿತ್ತು. ಹೇಳಿದರೆ ಇದೇನು ಎಂದು ಮತ್ತೆ ಕೇಳುತ್ತಾಳೆ. ನಾನು ಬಿಂದಿಗೆ ಹಿಡಿದುಕೊಂಡು ಸುಮ್ಮನೆ ನಿಂತೆ.

ಅಷ್ಟರಲ್ಲಿ ಅಜ್ಜಿ ಹಿತ್ತಲ ಬಾಗಿಲಿಗೆ ಬಂದಳು. ಆ ಹಸಿರು ಲಂಗ ತೊಟ್ಟ ಹುಡುಗಿಯನ್ನು ಆ ಕಲ್ಲಿನ ಮೇಲೆ ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ನನ್ನ ಮುಖ ನೋಡಿದಳು. ನಮ್ಮಜ್ಜಿಯ ಬಾಯಿಗೆ ಕತ್ರಿಗುಪ್ಪೆಯೇ ಹೆದರುತ್ತಿತ್ತು. ಇನ್ನೇನು ಬೈಗುಳ ಬೀಳುತ್ತದೆ, ವಸುಧಾಳ ಎದುರಿಗೆ ನನ್ನ ಮಾನ ಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ವಸುಧಾಳೇ ಮೊದಲು ಮಾತಾಡಿದಳು.

"ಅಜ್ಜಿ, ಈ ಒಗೆಯೋ ಕಲ್ಲಲ್ಲಿ ಉಜ್ಜಿದ್ರೂ ಕಲೆ ಹೋಗ್ತಾ ಇಲ್ಲ."

ಅಜ್ಜಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಅರ್ಧ ನಿಂಬೆಹಣ್ಣು, ಒಂದು ತುಂಡು ಬಾರ್ ಸೋಪು ಇತ್ತು.

"ಕೊಡಿಲ್ಲಿ ಮಗ. ನೇರಳೆ ಕಲೆ ಅಂಗೆಲ್ಲ ಹೋಗಕಿಲ್ಲ. ನೀನು ಆ ಕಡೆ ಕೂತ್ಕೋ, ನಾನು ಒಗ್ದು ಕೊಡ್ತೀನಿ."

ಕುಕ್ಕರುಗಾಲಿನಲ್ಲಿ ಕೂತು, ಆ ಕಲ್ಲಿನ ಮೇಲೆ, ನಿಂಬೆ ತಿಕ್ಕಿ, ಸೋಪು ಹಚ್ಚಿ, ಷರ್ಟನ್ನು ಬೆಳ್ಳಗೆ ಮಾಡಿಕೊಟ್ಟಳು. ಬಟ್ಟೆಯನ್ನು ಕಲ್ಲಿಗೆ ಬಡಿಯಲಿಲ್ಲ, ಅಂಗೈಯಲ್ಲೇ ಉಜ್ಜಿದಳು. ವಸುಧಾಳಿಗೆ ಒಣಗುವವರೆಗೆ ತಿನ್ನಲು ಹುರಿಗಾಳು ಕೊಟ್ಟು, ಅವಳ ಮನೆಯ ಬಗ್ಗೆ ವಿಚಾರಿಸಿ, ಷರ್ಟು ತೊಡಿಸಿ ಕಳಿಸಿದಳು. ನನ್ನ ಸುಳ್ಳನ್ನು ಕಾಪಾಡಿದಳು. ಬೈದಿದ್ದರೆ, ಎರಡೇಟು ಹಾಕಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಅವಳು ಬೈಯಲಿಲ್ಲ. ಆ ಸಂಜೆ ಬಾವಿಯಿಂದ ನೀರು ಸೇದಿ ಸೇದಿ ಚಪ್ಪಡಿಯ ಮೇಲಿನ ಸೋಪಿನ ನೊರೆ ತೊಳೆಯುತ್ತಿದ್ದುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೋಗಿ ಸಹಾಯ ಮಾಡಲಿಲ್ಲ.

ಆ ವರ್ಷದ ಮಹಾಲಯದಿಂದ ನಾನೇ ಎಲೆ ಹಾಸಿ ಹೆಸರು ಹಿಡಿದು ಕರೆಯಬೇಕೆಂದು ಅಜ್ಜಿ ಮೊದಲೇ ಹೇಳಿದ್ದಳು. ತನ್ನ ಬಾಯಿ ಬಿದ್ದುಹೋದ ಮೇಲೆ ಇವರನ್ನೆಲ್ಲ ಕರೆಯುವವರು ಬೇಕಲ್ಲ ಎಂದಿದ್ದಳು. ಆ ದಿನ ಬಂದಾಗ ನನಗೆ ಟೆಸ್ಟ್ ಇದೆ ಎಂದು ನಾನು ಪುಸ್ತಕ ಹಿಡಿದು ನಡುಮನೆಯಲ್ಲಿ ಕೂತೆ. ಟೆಸ್ಟ್ ಇರಲಿಲ್ಲ. ಅಜ್ಜಿ ಒತ್ತಾಯ ಮಾಡಲಿಲ್ಲ. ಹಿತ್ತಲಲ್ಲಿ ಆರು ಎಲೆ ಹಾಸಿ ಬಂದು, ಏಳನೆಯದನ್ನು ಮನೆಯೊಳಗೆ, ರಾಗಿ ಮೂಟೆಗಳ ಪಕ್ಕದಲ್ಲಿ ಹಾಸಿದಳು. ಯಾಕೆ ಒಳಗೆ ಎಂದು ಅಮ್ಮ ಕೇಳಿದಾಗ, ಮಗು ಹೊರಗೆ ಯಾಕೆ ಒಂಟಿಯಾಗಿ ಇರಬೇಕು ಎಂದಳು. ನನಗೆ ನಿಜ ಗೊತ್ತಿತ್ತು. ಆ ಕಲ್ಲನ್ನು ನಾನು ಒಗೆಯುವ ಕಲ್ಲು ಎಂದಿದ್ದೆ, ನನ್ನ ಗೆಳತಿಯರು ಯಾವಾಗ ಬಂದರೂ ಅದು ಒಗೆಯುವ ಕಲ್ಲಾಗಿಯೇ ಇರಲಿ ಎಂದು ಅವಳು ಅದರ ಮೇಲಿನ ಅರಿಶಿನ ಕುಂಕುಮವನ್ನೂ ನಿಲ್ಲಿಸಿದಳು. ಲಂಗ ತಂದಿದ್ದಳು. ಸತ್ತವರ ಮುಂದೆ ಇಟ್ಟದ್ದು ನನಗೆ ಬೇಡ, ನನಗೆ ಫ್ರಾಕು ಬೇಕು ಎಂದೆ. ಮುಂದಿನ ವರ್ಷದಿಂದ ಲಂಗವನ್ನೂ ತರಲಿಲ್ಲ. ಹೀಗೆ ಮಂಜು ಆರು ಕಲ್ಲುಗಳ ಹಿತ್ತಲಲ್ಲಿ ಬೆಳೆದ.

ಅಜ್ಜಿ ಸತ್ತಾಗ ಅವಳನ್ನು ನೇರಳೆ ಮರದ ಕೆಳಗೆ ಮಣ್ಣು ಮಾಡಲು ಅಕ್ಕಪಕ್ಕದ ಹೊಸ ಮನೆಯವರು ಒಪ್ಪಲಿಲ್ಲ. ಬನಶಂಕರಿಯ ಕಡೆ ಹೊತ್ತುಕೊಂಡು ಹೋಗಿ ಸುಟ್ಟೆವು. ಮಂಜುವಿನ ಮದುವೆಗೆ ಮುಂಚೆಯೇ ಅಮ್ಮ, ಅಪ್ಪ ಕೂಡ ಅದೇ ದಾರಿಯಲ್ಲಿ ಹೋದರು. ನಾನು ಚರಿತ್ರೆ ಓದಿ, ಸ್ಕೂಲಿನಲ್ಲಿ ಮೇಡಂ ಆಗಿ, ಮಕ್ಕಳಿಗೆ ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಿಸುತ್ತಾ ಜಯನಗರದಲ್ಲೇ ಸಂಸಾರ ಹೂಡಿದೆ. ಮಂಜು ಹಳೆಯ ಮನೆಯಲ್ಲಿ ಉಳಿದ. ಬಾವಿ ಬತ್ತಿ, ಮುಚ್ಚಿಸಿದಾಗ ಅದರ ಪಕ್ಕದ ಒಗೆಯುವ ಕಲ್ಲೂ ಮಣ್ಣಿನಡಿ ಸೇರಿತು. ಅದೇ ವರ್ಷ ಮಂಜುವಿಗೆ ಮದುವೆಯಾಯಿತು. ಅವನ ಹೆಂಡತಿ ಸುಜಾತ ಹೊಸದಾಗಿ ಬಂದ ದಿನಗಳಲ್ಲಿ ನಾನು ಗಂಡನ ಜೊತೆ ಊಟಕ್ಕೆ ಹೋಗಿದ್ದೆ. ಹಿತ್ತಲಿಗೆ ಹೋದರೆ ಆ ಹುಡುಗಿ ಚಪ್ಪಡಿಯ ಮುಂದೆ ಬಟ್ಟೆಯ ರಾಶಿ ಹಾಕಿಕೊಂಡು ನಿಂತಿದ್ದಳು. ಬಟ್ಟೆ ಒಗೆಯೋದು ಇದರ ಮೇಲೇ ಅಲ್ವಾ ಅಕ್ಕ ಎಂದು ಕೇಳಿದಳು. ನನ್ನ ಗಂಡ ಪಕ್ಕದಲ್ಲೇ ನಿಂತು ನೇರಳೆ ಮರ ನೋಡುತ್ತಿದ್ದರು. ನಾನು ಹೂಂ ಎಂದೆ. ಹನ್ನೆರಡನೆಯ ವಯಸ್ಸಿನ ಸುಳ್ಳಿಗೆ ಹುಡುಗುಬುದ್ಧಿ ಎಂದು ಹೇಳಿಕೊಳ್ಳಬಹುದು. ಈ ಹೂಂ ಎಂಬುದಕ್ಕೆ ಯಾವ ಹೆಸರಿಡಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.

ಈ ವರ್ಷ ಮಂಜು ಹಳೆಯ ಮನೆ ಕೆಡವಿ ಕಟ್ಟಿಸಲು ಹೊರಟ. ಕಲ್ಲುಗಳನ್ನು ಬೇಗೂರಿನಲ್ಲಿರುವ ನಮ್ಮ ಸೋದರತ್ತೆ ಗೌರಮ್ಮನ ತೋಟದ ಮೂಲೆಗೆ, ಒಂದೊಂದು ಹಿಡಿ ಮಣ್ಣಿನ ಜೊತೆ ಸಾಗಿಸುವುದೆಂದು ತೀರ್ಮಾನವಾಯಿತು. ಅತ್ತೆ ಒಂದು ಷರತ್ತು ಹಾಕಿದಳು. ಎಬ್ಬಿಸುವಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು, ಹೆಸರು ಹಿಡಿಯದೆ ಎಬ್ಬಿಸಿದರೆ ಅವರು ಜೊತೆಗೆ ಬರುವುದಿಲ್ಲ. ಅಜ್ಜನದೊಂದನ್ನು ಬಿಟ್ಟರೆ ಮಂಜುವಿಗೆ ಹೆಸರುಗಳು ಗೊತ್ತಿರಲಿಲ್ಲ, ನನಗೆ ನೆನಪಿರಲಿಲ್ಲ. ಇಬ್ಬರೂ ಬೇಗೂರಿಗೆ ಹೋದೆವು. ಎಂಬತ್ತು ದಾಟಿದ ಅತ್ತೆ ಗೋಡೆಗೊರಗಿ ಕೂತು, ಎಲೆ ಎಣಿಸಿದ ಹಾಗೆ ಬೆರಳು ಮಡಿಸುತ್ತಾ ಹೋದಳು. ಉಪ್ಸಾರಿನವನು ದೊಡ್ಡಮುನಿಯಪ್ಪ, ಹೊಗೆಸೊಪ್ಪಿನವಳು ಅವನ ಹೆಂಡತಿ ಚನ್ನಮ್ಮ, ಮೀನಿನ ಸಾರಿನವಳು ತನ್ನ ಗಂಡನ ಮನೆತನದಿಂದಲೇ ನಮ್ಮಲ್ಲಿಗೆ ಬಂದ ಹೆಣ್ಣು. ಯಾರು ಯಾರ ಮಗ, ಯಾರ ತಮ್ಮ ಎಂಬುದೆಲ್ಲ ಅಡುಗೆಯ ಹಿಂದೆ ಹಿಂದೆಯೇ ಬಂತು. ಮಂಜು ಮೊಬೈಲಿನಲ್ಲಿ ಬರೆದುಕೊಂಡ. ಆರನೆಯ ಬೆರಳಿನ ನಂತರ ಅತ್ತೆ ಇನ್ನೊಂದು ಮಡಿಸಿದಳು. ಮಂಜು ಆರೇ ಕಲ್ಲು ಅತ್ತೆ ಎಂದ.

"ಏಳು ಕಣೋ. ನಮ್ಮಣ್ಣನ್ಗಿಂತ ಮುಂಚೆ ಹುಟ್ಟಿದ್ ಹೆಣ್ಮಗ. ಆರು ವರ್ಷಕ್ಕೆ ಸಿಡುಬಲ್ಲಿ ಹೋಯ್ತು. ನಾನ್ ಕಂಡಿಲ್ಲ. ಪುರಿ ಬೆಲ್ಲ ಇಕ್ಕಿ, ಲಂಗ ಇಡೋಳು ನಮ್ಮಮ್ಮ. ಹೆಸ್ರು ಯಾರ್ಗೂ ಕೇಳಂಗೆ ಹೇಳ್ತಿರ್ಲಿಲ್ಲ. ಪಕ್ಕದಲ್ಲಿ ನಿಂತಿರೋರಿಗೇ ಗೊತ್ತು."

ಹೀಗೆಂದು ಅತ್ತೆ ನನ್ನ ಕಡೆ ನೋಡಿದಳು. ನಾನು ಕಾಫಿ ಲೋಟದ ತಳ ನೋಡಿದೆ. ದಾರಿಯುದ್ದಕ್ಕೂ ಮಂಜು ಅತ್ತೆಗೆ ಮರೆವು ಬಂದಿದೆ ಎಂದು ಹೇಳುತ್ತಾ ಕಾರು ಓಡಿಸಿದ. ಹೌದೌದು ಎಂದರೆ ಮುಗಿಯುತ್ತಿತ್ತು. ಮೂರನೆಯ ಸುಳ್ಳಿಗೆ ಬಾಯಿ ಸಿದ್ಧವಾಗಿಯೂ ಇತ್ತು. ಮನೆಗೆ ಬಂದು ನೋಡಿದರೆ ಸುಜಾತ ಮೊಮ್ಮಗಳ ಬಟ್ಟೆಗಳನ್ನು ಹಿತ್ತಲಲ್ಲಿ ಒಗೆಯುತ್ತಿದ್ದಳು. ಮನೆಯಲ್ಲಿ ಮೆಷಿನ್ ಇದ್ದರೂ ಮಗುವಿನ ಬಟ್ಟೆಯನ್ನು ಅವಳು ಕೈಯಲ್ಲೇ ಒಗೆಯುತ್ತಾಳೆ. ಮನೆ ಒಡೆಯುವವರು ಬರುವ ತನಕ ಮಾತ್ರ ಈ ಕಲ್ಲು, ಆಮೇಲೆ ಇದನ್ನೂ ಒಡೆದು ಪಾಯಕ್ಕೆ ಹಾಕುತ್ತಾರಂತೆ ಎಂದು ನಗುತ್ತಾ ಹೇಳಿದಳು. ನಾನು ಆ ಕಲ್ಲಿನ ಪಕ್ಕದಲ್ಲಿ ಕೂತೆ. ಕೂತು, ವಸುಧಾಳಿಂದ ಶುರು ಮಾಡಿ, ಹೂಂ ಅಂದದ್ದರವರೆಗೆ ಎಲ್ಲವನ್ನೂ ಹೇಳಿದೆ. ಮಂಜು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಸುಜಾತಳ ಕೈಯಲ್ಲಿದ್ದ ಪುಟ್ಟ ಅಂಗಿಯಿಂದ ನೀರು ಸೋರುತ್ತಲೇ ಇತ್ತು.

"ಮೂವತ್ತು ವರ್ಷ ಅಕ್ಕ. ಮಕ್ಕಳ ಹೇಲುಚ್ಚೆ ಬಟ್ಟೆಯೆಲ್ಲ ಇದರ ಮೇಲೇ ಬಡಿದಿದೀನಿ. ಅವತ್ತು ನಿಮ್ಮನ್ನ ಕೇಳಿದ್ದೆ."

"ಕೇಳಿದ್ದೆ," ಎಂದೆ.

ಅವಳು ಅತ್ತಿದ್ದರೆ ಸಮಾಧಾನ ಮಾಡುವ ನೆಪವಾದರೂ ನನಗೆ ಸಿಗುತ್ತಿತ್ತು. ಅಳಲಿಲ್ಲ. ಸೋಪಿನ ಡಬ್ಬಿಯನ್ನು ಎತ್ತಿ ದೂರವಿಟ್ಟು, ಒಳಗಿನಿಂದ ಹಳೆಯ ಚಾಕು, ತೆಂಗಿನ ನಾರು ತಂದು, ಕಲ್ಲಿನ ಸುತ್ತ ಗಟ್ಟಿಯಾಗಿದ್ದ ಸೋಪಿನ ಪದರವನ್ನು ಕೆರೆಯತೊಡಗಿದಳು. ನಾನೂ ಕೈ ಹಾಕಲು ಹೋದೆ. ನೀವು ಒಳಗೆ ಕೂತ್ಕೊಳ್ಳಿ ಅಕ್ಕ ಎಂದಳು. ಅಷ್ಟು ಮೆತ್ತಗೆ ಅವಳು ನನ್ನನ್ನು ಯಾವತ್ತೂ ದೂರ ಇಟ್ಟಿರಲಿಲ್ಲ. ಕೆರೆಯುತ್ತಲೇ, ತಲೆಯೆತ್ತದೆ, ಮಗುವಿನ ಹೆಸರೇನು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿರಬೇಕಾದವಳು ನಾನೊಬ್ಬಳೇ ಎಂದೂ ಹೇಳಿದೆ.

ಕಲ್ಲು ಎಬ್ಬಿಸುವ ದಿನ ಸುಜಾತ ಏಳು ಬಗೆಯ ಅಡುಗೆ ಮಾಡಿದಳು. ಅತ್ತೆಯನ್ನು ಕಾರಿನಲ್ಲಿ ಕರೆತಂದು ನೇರಳೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಏಳು ಎಲೆಗಳೂ ಹಿತ್ತಲಲ್ಲೇ ಬಿದ್ದವು. ಚಪ್ಪಡಿಯ ಮೇಲಿನ ಎಲೆಯಲ್ಲಿ ಪುರಿ, ಬೆಲ್ಲ, ಹಾಲು, ಪಕ್ಕದಲ್ಲಿ ಗಾಂಧಿ ಬಜಾರಿನಿಂದ ಸುಜಾತಳೇ ಹೋಗಿ ತಂದಿದ್ದ ಹಸಿರು ಲಂಗ. ಹಸಿರು ಎಂದು ನಾನು ಹೇಳಿದ್ದು ಅವಳಿಗೆ ನೆನಪಿತ್ತು. ಮಂಜು ಆರು ಜನರನ್ನು ಮೊಬೈಲ್ ನೋಡಿಕೊಂಡು ಒಬ್ಬೊಬ್ಬರನ್ನಾಗಿ ಕರೆದ. ಒಬ್ಬೊಬ್ಬರ ಕಲ್ಲೂ ಎದ್ದಿತು. ಏಳನೆಯದರ ಹತ್ತಿರ ಬಂದು ಅವನು ಹಾರೆ ಹಿಡಿದುಕೊಂಡು ನಿಂತ. ಎಲ್ಲರೂ ನನ್ನನ್ನು ನೋಡಿದರು.

ನಾನು ಬಗ್ಗಿದೆ. ಆರು ವರ್ಷದ ಮಗುವಿಗೆ ನಾನು ಏನಾಗಬೇಕೆಂದು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಪ್ಪನ ಅಕ್ಕ. ಮೊಣಕಾಲು ನೋವಿನ, ನರೆತ ತಲೆಯ ನನಗೆ ಅವಳು ಅತ್ತೆ. ಹೆಸರಿಲ್ಲದಿದ್ದರೂ ಕರೆಯಲು ಅಷ್ಟು ಉಳಿದಿತ್ತು. ಅಜ್ಜಿಯ ಹಾಗೆ ದನಿ ತಗ್ಗಿಸಲಿಲ್ಲ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ.

"ಅತ್ತೆ, ನಾನು ಪಮ್ಮಿ. ನಿಮ್ಮ ಲಂಗ ಹಾಕ್ಕೊಂಡು ಬೆಳೆದೋಳು. ತಪ್ಪಾಯ್ತು. ಏಳಿ, ಹೋಗೋಣ."

ಮಂಜು ಹಾರೆ ಹಾಕಿದ. ನನ್ನ ನೆನಪಿನಲ್ಲಿ ಅದು ದೊಡ್ಡ ಚಪ್ಪಡಿಯಾಗಿತ್ತು. ಮೇಲೆದ್ದಾಗ ನೋಡಿದರೆ ಒಂದು ಮಗು ಕಾಲು ಚಾಚಿ ಮಲಗುವಷ್ಟೇ ಇತ್ತು. ಸುಜಾತ ಒಂದು ಕಡೆ ಹಿಡಿದಳು, ಇನ್ನೊಂದು ಕಡೆ ಹಿಡಿಯಲು ನನಗೆ ಹೇಳಿದಳು.